ಕೆಡ್ಡಸದ ಮೂರನೆಯ ದಿನ

ಗುರುವಾಯನಕೆರೆಯಿಂದ ಮೂಡುಬಿದಿರೆ ಕಡೆಗೆ ಹೋಗುವ ಬಸ್ಸಿನಿಂದ ಇಳಿದು, ಕೆಂಪುಕಲ್ಲಿನ ಕೋರೆಯ ದಾರಿಯಲ್ಲಿ ಹತ್ತು ನಿಮಿಷ ನಡೆದರೆ ಅಂಗಳ ಸೇವಾಶ್ರಮ. ಗೇಟಿನ ಪಕ್ಕದ ಗೋಡೆಯ ಮೇಲೆ ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ನೀಲಿ ಅಕ್ಷರದಲ್ಲಿ ಬರೆಸಿದ್ದಾರೆ, ಯಾರೋ ಪುಣ್ಯಾತ್ಮ ದಾನಿಗಳು. ಒಳಗೆ ಮೊಸರು ಭಾನುವಾರ ಮಾತ್ರ. ಕೆಸರಿಗೆ ಅಂಥ ವಾರದ ಕಟ್ಟುಪಾಡು ಇಲ್ಲ. ಅಲ್ಲಿರುವ ನಲವತ್ತೆರಡು ಮಂದಿಯಲ್ಲಿ ಕೆಲವರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದವರು, ಕೆಲವರು ಪೊಲೀಸರು ತಂದು ಬಿಟ್ಟವರು, ಉಳಿದವರು ಮನೆಯವರೇ ಕಾರಿನಲ್ಲಿ ಕರೆತಂದು ಬಿಟ್ಟುಹೋದವರು.

ಪ್ರಫುಲ್ಲಾ ಕಾರಿನಲ್ಲಿ ಬಂದವಳು. ನರಿಕೊಂಬಿನ ಹೊಳೆಬದಿಯ ಶೆಟ್ಟರ ಮನೆಯ ಹೆಣ್ಣು, ಮದುವೆ ಆಗಿಲ್ಲ, ಈಗ ಐವತ್ತನಾಲ್ಕು ವರ್ಷ. ‘ಒಂದು ತಿಂಗಳು ಇರಲಿ, ಆಮೇಲೆ ಕರೆದುಕೊಂಡು ಹೋಗುತ್ತೇನೆ’ ಎಂದು ಅಣ್ಣ ಶೇಖರ ಹೇಳಿ ಹೋಗಿ ಎಂಟು ವರ್ಷವಾಯಿತು. ಕೆಲವರ ತಿಂಗಳು ಹಾಗೆ ಉದ್ದ ಇರುತ್ತದೆ. ಶೇಖರ ಕೆಟ್ಟವನೆಂದು ಹೇಳುವ ಹಾಗೂ ಇಲ್ಲ. ವರ್ಷವೂ ಅಮ್ಮನ ತಿಥಿಯ ದಿನ ತಪ್ಪದೆ ಆಶ್ರಮದ ಅಷ್ಟೂ ಮಂದಿಗೆ ಪಾಯಸದ ಊಟ ಕಳಿಸುತ್ತಿದ್ದ. ಕಳಿಸುತ್ತಿದ್ದ, ಬರುತ್ತಿರಲಿಲ್ಲ. ಪ್ರಫುಲ್ಲಾ ಪಾಯಸ ಕುಡಿದು, ಲೋಟ ತೊಳೆದಿಟ್ಟು, ಊಟದ ವ್ಯಾನಿನ ಡ್ರೈವರನ ಹತ್ತಿರ ‘ಮನೆಯಲ್ಲಿ ಎಲ್ಲ ಹುಷಾರಾ?’ ಎಂದು ಕೇಳುತ್ತಿದ್ದಳು. ಅವನಿಗೆ ಆ ಮನೆ ಯಾವುದೆಂದೇ ಗೊತ್ತಿರಲಿಲ್ಲ.

ಬಂದ ಮೊದಲ ವರ್ಷ ಅವಳು ಗೋಡೆ ನೋಡಿಕೊಂಡು ಕಳೆದಳು. ಎರಡನೆಯ ವರ್ಷ ಒಂದು ದಿನ ಅಡುಗೆಯ ಮುರ್ಶಿದಾ ಹೊರಗೆಸೆದ ಬಸಳೆಯ ದಂಟನ್ನು ಹೆಕ್ಕಿ, ಪಾತ್ರೆ ತೊಳೆದ ನೀರು ಬೀಳುವ ಜಾಗದಲ್ಲಿ ಊರಿದಳು. ಯಾಕೆ ಊರಿದೆ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಬಸಳೆಗೆ ಮಾತ್ರ ಇಂಥ ಪ್ರಶ್ನೆಗಳಿಲ್ಲ, ಅದು ಚಿಗುರಿತು. ಅದಕ್ಕೊಂದು ಚಪ್ಪರ ಬೇಕಾಯಿತು, ಚಪ್ಪರದ ಪಕ್ಕ ಒಂದು ಸಾಲು ಹರಿವೆ, ಅದರಾಚೆ ಬೆಂಡೆ. ಈಗ ಹಿಂದಿನ ಅರ್ಧ ಎಕರೆಯಲ್ಲಿ ಅಲಸಂಡೆ, ಸೌತೆ, ಬದನೆ, ಕುಂಬಳ ಎಲ್ಲ ಉಂಟು. ನೀರುಳ್ಳಿ, ಬಟಾಟೆ ಬಿಟ್ಟರೆ ತರಕಾರಿಗೆಂದು ಆಶ್ರಮದವರು ಪೇಟೆಗೆ ಹೋಗುವುದಿಲ್ಲ.

ಅವಳ ಜೊತೆಗೆ ಕೆಲಸಕ್ಕೆ ಲೋಕಯ್ಯ ಇದ್ದ, ಅರುವತ್ತು ದಾಟಿದವನು. ಪಾರ್ಶ್ವವಾಯು ಬಡಿದು ಎಡಗೈ ಏಳುವುದಿಲ್ಲ, ಬಲಗೈಯಲ್ಲಿ ಕೊಡಪಾನ ಹೊತ್ತು ನೀರು ಹಾಕುತ್ತಿದ್ದ. ಕೈ ಒಂದಾದರೂ ಬಾಯಿ ಎರಡು. ಅವನು ದಿನವಿಡೀ ಮಾತಾಡುತ್ತಿದ್ದ, ಅವಳು ದಿನವಿಡೀ ಹೂಂಗುಟ್ಟುತ್ತಿದ್ದಳು. ಹೊರಗಿನಿಂದ ನೋಡಿದವರಿಗೆ ಒಳ್ಳೆಯ ಸ್ನೇಹ ಎಂದು ಕಂಡೀತು. ನಿಜ ಹೇಳಬೇಕೆಂದರೆ ಎಂಟು ವರ್ಷದಲ್ಲಿ ತನ್ನ ಮನೆಯ ಒಂದು ಮಾತನ್ನೂ ಅವಳು ಅವನಿಗೆ ಹೇಳಿರಲಿಲ್ಲ.

ತೋಟದಲ್ಲಿ ಎಲ್ಲ ಅವಳು ಹೇಳಿದಂತೆಯೇ. ಅದರಲ್ಲೂ ಒಂದು ವಿಷಯದಲ್ಲಿ ಯಾರ ಮಾತೂ ನಡೆಯುತ್ತಿರಲಿಲ್ಲ, ಅದು ಕೆಡ್ಡಸ. ಮಕರ ತಿಂಗಳ ಕೊನೆಯ ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆಂದು ತುಳುವರ ನಂಬಿಕೆ. ಆ ಮೂರು ದಿನ ನೆಲ ಅಗೆಯುವಂತಿಲ್ಲ. ಹಸಿ ಕಡಿಯಬಾರದು, ಒಣಗಿದ್ದು ಮುರಿಯಬಾರದು ಎಂದು ಹಿಂದೆ ಮನೆಮನೆಗೆ ಬಂದು ಸಾರುವವರಿದ್ದರು. ಈಗ ಸಾರುವವರೂ ಇಲ್ಲ, ಕೇಳುವವರೂ ಇಲ್ಲ. ಪ್ರಫುಲ್ಲಾ ಮಾತ್ರ ಕೆಡ್ಡಸದ ಹಿಂದಿನ ದಿನವೇ ಮೂರು ದಿನಕ್ಕಾಗುವಷ್ಟು ಕಾಯಿಪಲ್ಲೆ ಕೊಯ್ದು ಮುರ್ಶಿದಾಳಿಗೆ ಒಪ್ಪಿಸಿ, ಗುದ್ದಲಿ, ಪಿಕ್ಕಾಸು, ಕತ್ತಿ ಎಲ್ಲವನ್ನೂ ಕೊಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಿದ್ದಳು. ಆ ಮೂರು ದಿನ ಕೀಲಿಕೈ ಅವಳ ಸೊಂಟದಲ್ಲಿ.

ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಅವಳನ್ನು ಮನೆಯಿಂದ ಹೊರಹಾಕಿದ್ದು ಕೆಡ್ಡಸ.

ಎಂಟು ವರ್ಷದ ಹಿಂದೆ, ಅಮ್ಮ ತೀರಿಹೋಗಿ ಒಂದೂವರೆ ತಿಂಗಳಾಗಿತ್ತು. ಪ್ರಫುಲ್ಲಾ ಹನ್ನೊಂದು ದಿನದಿಂದ ನಿದ್ದೆ ಮಾಡಿರಲಿಲ್ಲ. ತಲೆಯೊಳಗೆ ಅಮ್ಮನ ಸ್ವರ ಒಂದೇ ಮಾತು ಹೇಳುತ್ತಿತ್ತು: ಸುವರ್ಣಗೆಡ್ಡೆ ಅಗೆದಿಲ್ಲ, ಕೊಳೆತು ಹೋಗ್ತದೆ. ನಡು ಕೆಡ್ಡಸದ ಮಧ್ಯಾಹ್ನ, ಅತ್ತಿಗೆ ವಿಜೇತಾಳ ತವರಿನವರು ಜಗಲಿಯಲ್ಲಿ ಕೂತಿರುವಾಗಲೇ, ಅವಳು ಅಂಗಳದ ಮೂಲೆಗೆ ಹೋಗಿ ಬರಿಗೈಯಲ್ಲಿ ನೆಲ ಬಗೆಯತೊಡಗಿದಳು. ಎಳೆದವರನ್ನು ಪರಚಿದಳು. ಉಗುರು ಕಿತ್ತು ರಕ್ತ ಬಂದಿತ್ತಂತೆ, ಅದು ಅವಳಿಗೆ ನೆನಪಿಲ್ಲ. ಆಸ್ಪತ್ರೆಯಿಂದ ಬಿಟ್ಟ ದಿನ ಅತ್ತಿಗೆ ಹೇಳಿದ ಮಾತು ಮಾತ್ರ ನೆನಪುಂಟು: ‘ಕೆಡ್ಡಸದ ದಿವಸ ಭೂಮಿ ಬಗೆದವಳನ್ನು ಒಳಗೆ ಸೇರಿಸಿದರೆ ಮನೆಗೆ ಒಳ್ಳೆಯದಾ?’ ಅಣ್ಣನ ಕಾರು ನರಿಕೊಂಬಿಗೆ ತಿರುಗದೆ ಸೀದಾ ಇತ್ತ ಬಂತು.

ಕಾಯಿಲೆ ಬಂದದ್ದು ತನ್ನ ತಪ್ಪಲ್ಲ ಎಂದು ಡಾಕ್ಟರು ಸಾವಿರ ಸಲ ಹೇಳಿದ್ದರು, ಅದನ್ನು ಅವಳು ಒಪ್ಪಿದ್ದಳು. ಕೆಡ್ಡಸ ಮುರಿದದ್ದು ಮಾತ್ರ ತನ್ನ ತಪ್ಪೇ. ಅದಕ್ಕೆ ಪ್ರಾಯಶ್ಚಿತ್ತ ಮಾಡಿಕೊಂಡರೆ ಮನೆಯವರು ಹೊಟ್ಟೆಗೆ ಹಾಕಿಕೊಳ್ಳುತ್ತಾರೆ. ಅವಳು ಇದನ್ನು ಯಾರಿಗೂ ಹೇಳಲಿಲ್ಲ, ವರ್ಷ ವರ್ಷ ಬೀಗ ಹಾಕುತ್ತಾ ಬಂದಳು.

ಈ ವರ್ಷ ಜನವರಿಯಲ್ಲಿ ಡಾಕ್ಟರು, ಇವರಿಗೆ ಒಂದೇ ಮಾತ್ರೆ ಸಾಕು, ಧಾರಾಳವಾಗಿ ಮನೆಯಲ್ಲಿರಬಹುದು ಎಂದು ಬರೆದು ಕೊಟ್ಟರು. ಆಶ್ರಮವನ್ನು ನೋಡಿಕೊಳ್ಳುವ ವಾಗ್ದೇವಿ ಟೀಚರ್ ಕೂಡಲೇ ಶೇಖರನಿಗೆ ಪತ್ರ ಹಾಕಿದರು. ಟೀಚರು ಮುಂಡಾಜೆಯವರು, ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಎರಡನೆಯ ಪತ್ರಕ್ಕೂ ಉತ್ತರ ಬಾರದಾಗ ಫೋನು ಮಾಡಿ, ತಪ್ಪು ಮಾಡಿದ ಹುಡುಗನ ಅಪ್ಪನನ್ನು ಶಾಲೆಗೆ ಕರೆಸುವ ಸ್ವರದಲ್ಲಿ, ಮುಂದಿನ ಬುಧವಾರ ಬರಲೇಬೇಕೆಂದರು. ಮನೆಗೆ ಕಳಿಸುವುದಾದರೆ ಮನೆಯವರು ಒಂದು ಫಾರ್ಮಿಗೆ ಸಹಿ ಹಾಕಬೇಕು. ಅದನ್ನು ತುಂಬಿಸಿ, ಸಹಿಯ ಜಾಗ ಮಾತ್ರ ಖಾಲಿ ಬಿಟ್ಟು, ಮೇಜಿನ ಮೇಲೆ ಇಟ್ಟುಕೊಂಡರು.

ಆ ಬುಧವಾರ ಕಡೆ ಕೆಡ್ಡಸ, ಅಂದರೆ ಮೂರನೆಯ ದಿನ. ಟೀಚರಿಗೆ ಅದು ಹೊಳೆಯಲಿಲ್ಲ. ಶಾಲೆಯಲ್ಲಿ ಇದ್ದವರಿಗೆ ಸರಕಾರಿ ರಜೆ ಇಲ್ಲದ ಹಬ್ಬ ಹಬ್ಬವೇ ಅಲ್ಲ.

ಪ್ರಫುಲ್ಲಾಳಿಗೆ ಹೊಳೆಯಿತು. ಯಾವ ದಿನಗಳ ದೆಸೆಯಿಂದ ಹೊರಗೆ ಬಿದ್ದಳೋ ಅದೇ ದಿನಗಳಲ್ಲಿ ಅಣ್ಣ ಬರುತ್ತಾನೆಂದರೆ ಇದು ದೇವರೇ ಹೂಡಿದ್ದು. ಅವನು ತೋಟ ನೋಡುತ್ತಾನೆ, ಎಲ್ಲಿಯೂ ಗುದ್ದಲಿಯ ಹೊಸ ಗುರುತು ಇಲ್ಲ ಎಂಬುದನ್ನು ನೋಡುತ್ತಾನೆ, ತಾನೇನೂ ಹೇಳಬೇಕಾಗಿಯೇ ಇಲ್ಲ. ಹಿಂದಿನ ವಾರವೇ ಅವಳು ತನ್ನ ಎರಡು ಸೀರೆ ಒಗೆದು ಮಡಚಿಟ್ಟಳು. ಲೋಕಯ್ಯನಿಗೆ ಯಾವ ಸಾಲಿಗೆ ಎಷ್ಟು ನೀರು, ಯಾವ ಗಿಡಕ್ಕೆ ಬೂದಿ, ಯಾವುದಕ್ಕೆ ಸುಡುಮಣ್ಣು ಎಂದು ಹೇಳಿಕೊಟ್ಟಳು.

“ಇದೆಲ್ಲ ನನಗೆ ಯಾಕೆ ಹೇಳುದು ಪ್ರಫುಲ್ಲಕ್ಕ? ನೀವು ಉಂಟಲ್ಲ,” ಎಂದ ಲೋಕಯ್ಯ.

“ನಾನು ಇಲ್ಲದಿದ್ದರೆ ಬೇಕಾಗ್ತದೆ.”

ಲೋಕಯ್ಯ ಆ ದಿನ ಮತ್ತೆ ಮಾತಾಡಲಿಲ್ಲ. ಅದನ್ನು ಅವಳು ಗಮನಿಸಲೂ ಇಲ್ಲ.

ಬುಧವಾರ ಹನ್ನೊಂದೂವರೆಗೆ ಶೇಖರನ ಬಿಳಿ ಕಾರು ಬಂತು. ಒಬ್ಬನೇ ಬಂದಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮೀಸೆ ಮಾತ್ರ ಕಪ್ಪು. ಪ್ರಫುಲ್ಲಾ ಜಗಲಿಯ ಕಂಬದ ಹತ್ತಿರ ನಿಂತಿದ್ದಳು, ಬೆಳಿಗ್ಗೆ ಎಂಟರಿಂದಲೂ ಅಲ್ಲೇ.

“ದಪ್ಪ ಆಗಿದ್ದೀಯಲ್ಲ,” ಎಂದ. ಅವರಿಬ್ಬರ ಮಾತು ತುಳುವಿನಲ್ಲಿ. ಎಂಟು ವರ್ಷದಲ್ಲಿ ಅವಳೊಂದಿಗೆ ತುಳು ಮಾತಾಡಿದವರು ಎಷ್ಟೋ ಮಂದಿ, ಆದರೆ ಮನೆಯ ತುಳು ಬೇರೆಯೇ, ಕೇಳಿದ್ದೇ ಅವಳು ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

“ಇಲ್ಲಿ ಊಟ ಒಳ್ಳೆಯದುಂಟು ಅಣ್ಣ.”

ಊಟಕ್ಕೆ ಅಲಸಂಡೆ ಪಲ್ಯ, ಸೌತೆಕಾಯಿ ಹುಳಿ, ಕುಚ್ಚಲಕ್ಕಿ ಅನ್ನ. ಎಲ್ಲ ಭಾನುವಾರವೇ ಕೊಯ್ದಿಟ್ಟದ್ದು. ಶೇಖರ ಎರಡು ಸಲ ಹುಳಿ ಹಾಕಿಸಿಕೊಂಡ. ‘ಇದೆಲ್ಲ ಇವಳು ಬೆಳೆದದ್ದಾ?’ ಎಂದು ಟೀಚರನ್ನು ಕೇಳಿದ. ಟೀಚರು ಹೌದೆಂದು ಹೆಮ್ಮೆಯಿಂದ ತಲೆಯಾಡಿಸಿದರು. ಪ್ರಫುಲ್ಲಾ ಬಡಿಸುತ್ತಾ ನಿಂತಿದ್ದಳು. ಅಷ್ಟು ಸಂತೋಷವನ್ನು ಅವಳು ಎಂಟು ವರ್ಷದಲ್ಲಿ ಕಂಡಿರಲಿಲ್ಲ. ಆಗಲೇ ಸಹಿ ಹಾಕಿಸಿಬಿಟ್ಟಿದ್ದರೆ ಏನಾಗುತ್ತಿತ್ತೋ ಹೇಳುವುದು ಕಷ್ಟ. ಟೀಚರಿಗೆ ಮಾತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವ ಉಮೇದು.

ಹಿಂದಿನ ದಿನ ಅವರು ಯಾರಿಗೂ ಹೇಳದೆ ಒಂದು ತೆಂಗಿನ ಸಸಿ ತರಿಸಿದ್ದರು. ಅಣ್ಣ ತಂಗಿ ಇಬ್ಬರೂ ಸೇರಿ ಅದನ್ನು ನಡುವುದು, ಒಂದು ಫೋಟೋ, ಆಮೇಲೆ ಆಫೀಸಿನಲ್ಲಿ ಸಹಿ. ಫೆಬ್ರವರಿಯ ಬಿಸಿಲಿನಲ್ಲಿ ಯಾರಾದರೂ ತೆಂಗು ನಡುತ್ತಾರೆಯೇ ಎಂದು ಕೇಳಬೇಡಿ, ಫೋಟೋಗೆ ಎಲ್ಲ ಕಾಲವೂ ಮಳೆಗಾಲವೇ. ಕೊಟ್ಟಿಗೆಯ ಕೀಲಿಕೈ ಕೇಳಿದರೆ ಗುಟ್ಟು ಹೊರಬೀಳುತ್ತದೆಂದು ಪಕ್ಕದ ಕೋರೆಯವರಿಂದ ಒಂದು ಪಿಕ್ಕಾಸನ್ನೂ ತರಿಸಿ, ಎರಡನ್ನೂ ಬಸಳೆ ಚಪ್ಪರಕ್ಕೆ ಒರಗಿಸಿ ಇಟ್ಟಿದ್ದರು.

ತೋಟ ಸುತ್ತಿ ಚಪ್ಪರದ ಹತ್ತಿರ ಬಂದಾಗ ಟೀಚರ್ ಪಿಕ್ಕಾಸನ್ನೆತ್ತಿ ಪ್ರಫುಲ್ಲಾಳ ಕೈಗೆ ಕೊಡಹೋದರು. “ತೆಗೊಳ್ಳಿ. ನೀವು ಹೇಗೆ ಕೆಲಸ ಮಾಡ್ತೀರಿ ಅಂತ ಅಣ್ಣನಿಗೆ ಒಮ್ಮೆ ತೋರಿಸಿ.”

ಪ್ರಫುಲ್ಲಾ ಪಿಕ್ಕಾಸನ್ನು ಹಿಡಿಯಲಿಲ್ಲ. “ಇವತ್ತು ಬೇಡ ಟೀಚರ್.”

“ಒಂದೇ ಏಟು ಸಾಕು. ಉಳಿದದ್ದು ನಾಳೆ ಮಾಡಿಸುವ.”

“ಒಂದು ಏಟೂ ಬೇಡ.”

ಟೀಚರ ಮುಖ ಸಣ್ಣದಾಯಿತು. ಅವರು ಹತ್ತಿರ ಬಂದು ತಗ್ಗಿದ ಸ್ವರದಲ್ಲಿ, “ಪ್ರಫುಲ್ಲಾ, ಇವತ್ತು ಹಟ ಮಾಡುವ ದಿನ ಅಲ್ಲ. ಫಾರ್ಮು ಮೇಜಿನ ಮೇಲೆ ಉಂಟು,” ಎಂದರು.

ಅದು ಅವಳಿಗೂ ಗೊತ್ತಿತ್ತು. ಹೇಳಿದ ಮಾತು ಕೇಳಿದರೆ ಹುಷಾರಾದವಳು, ಕೇಳದಿದ್ದರೆ ಇನ್ನೂ ಆಗದವಳು. ಇಂಥ ಜಾಗಗಳಲ್ಲಿ ಅಷ್ಟೇ ಲೆಕ್ಕ. ಹಾಗೆಂದು ಅಣ್ಣನ ಕಣ್ಣೆದುರಿಗೆ, ಕೆಡ್ಡಸದ ದಿನ, ಮತ್ತೊಮ್ಮೆ ನೆಲಕ್ಕೆ ಕೈ ಹಾಕುವುದೇ? ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯ ಪಾಡು ಅವಳದು. ಅವಳು ಟೀಚರನ್ನು ಬಿಟ್ಟು ಅಣ್ಣನನ್ನು ನೋಡಿದಳು. ಎಂಟು ವರ್ಷದಿಂದ ಅವನೆದುರು ಹೇಳಬೇಕೆಂದು ಕಾದ ಮಾತನ್ನು ಮೆಲ್ಲಗೆ ಹೇಳಿದಳು.

“ಇವತ್ತು ಕೆಡ್ಡಸ.”

ಶೇಖರ ಅವಳನ್ನು ನೋಡಲಿಲ್ಲ. ಟೀಚರ ಕಡೆ ತಿರುಗಿ, ಕನ್ನಡದಲ್ಲಿ, ಅವಳಿಗೆ ಕೇಳಿಸುವುದಿಲ್ಲ ಎಂಬಂತೆ ಕೇಳಿದ. “ಹೀಗೆ ಹಟ ಹಿಡಿಯುವುದು ಇನ್ನೂ ಉಂಟಾ? ಮಾತ್ರೆ ಎಲ್ಲ ಸರಿಯಾಗಿ ತೆಗೊಳ್ತಾಳಾ?”

ಕೊಡಪಾನ ಹಿಡಿದು ನಿಂತಿದ್ದ ಲೋಕಯ್ಯ ನಡುವೆ ಬಾಯಿ ಹಾಕಿದ. “ಹಟ ಅಲ್ಲ ಶೆಟ್ರೆ, ಇವತ್ತು ಕಡೆ ಕೆಡ್ಡಸ. ನಿಮ್ಮ ಮನೆಯಲ್ಲಿ ಇಲ್ವಾ?”

“ಓ, ಅದು ಇವತ್ತಾ?” ಶೇಖರ ಸ್ವಲ್ಪ ನಕ್ಕ. “ಅದೆಲ್ಲ ಈಗ ಯಾರು ನೋಡ್ತಾರೆ ಮಾರಾಯ. ಹೋದ ವರ್ಷ ಅಂಗಳಕ್ಕೆ ಇಂಟರ್‌ಲಾಕ್ ಹಾಕ್ಲಿಕ್ಕೆ ಜೆಸಿಬಿ ತರಿಸಿದ್ದು ಇದೇ ದಿವಸ ಅಂತ ಕಾಣ್ತದೆ. ಪಕ್ಕದ ಮನೆಯ ಅಜ್ಜಿ ಬಂದು ಎಂತದೋ ಬೊಬ್ಬೆ ಹಾಕಿದ್ರು. ಜೆಸಿಬಿ ಸಿಗುವುದೇ ಕಷ್ಟ, ಕೆಡ್ಡಸ ನೋಡಿ ತರಿಸ್ಲಿಕ್ಕೆ ಆಗ್ತದಾ?”

ಏನೋ ಸರಿಯಾಗಲಿಲ್ಲವೆಂದು ಟೀಚರಿಗೆ ಅಂದಾಜಾಗಿ, ಪಿಕ್ಕಾಸನ್ನು ಎತ್ತಿಕೊಂಡು, ಲೋಕಯ್ಯನನ್ನೂ ಕರೆದುಕೊಂಡು ಒಳಗೆ ಹೋದರು. ಚಪ್ಪರದ ನೆರಳಲ್ಲಿ ಅಣ್ಣ ತಂಗಿ ಇಬ್ಬರೇ ಉಳಿದರು.

“ಎಷ್ಟು ಅಗೆಸಿದ್ದು?” ಎಂದು ಪ್ರಫುಲ್ಲಾ ಕೇಳಿದಳು.

“ಎಂತದ್ದು?”

“ಜೆಸಿಬಿಯಲ್ಲಿ.”

“ಇಡೀ ಅಂಗಳ. ಎರಡು ದಿವಸ ಬೇಕಾಯಿತು.”

“ನಾನು ಅಗೆದದ್ದು ಒಂದು ಮೊಳ ಅಣ್ಣ. ಕೈಯಲ್ಲಿ.”

ಅವಳ ಸ್ವರದಲ್ಲಿ ಸಿಟ್ಟು ಇರಲಿಲ್ಲ. ಅಳತೆ ಹೇಳುವವರ ಹಾಗೆ ಹೇಳಿದಳು. ಶೇಖರನಿಗೆ ಆಗ ನೆನಪಾಯಿತೋ ಏನೋ, ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡ.

“ನಿನ್ನನ್ನು ಇಲ್ಲಿ ಬಿಟ್ಟದ್ದು ಅದಕ್ಕೆ ಅಲ್ಲ ಪ್ರಫುಲ್ಲಾ,” ಎಂದ, ಕುಂಬಳದ ಬಳ್ಳಿಯನ್ನು ನೋಡುತ್ತಾ.

“ಮತ್ತೆ ಎಂತಕ್ಕೆ?”

“ಕೆಡ್ಡಸ ಅಂತ ಅತ್ತಿಗೆ ಹೇಳಿದ್ದು, ಎಂತಾದರೂ ಹೇಳಬೇಕಲ್ಲ ಅಂತ. ಆಗ ಸಾತ್ವಿಕಾಳಿಗೆ ಹುಡುಗನನ್ನು ನೋಡ್ತಾ ಇದ್ದದ್ದು. ಮನೆಯಲ್ಲಿ ಹೀಗೆ ಒಬ್ಬರು ಇದ್ದಾರೆ ಅಂತ ಗೊತ್ತಾದರೆ ಯಾರು ಬರ್ತಾರೆ, ನೀನೇ ಹೇಳು. ಆ ದಿವಸ ಅತ್ತಿಗೆಯ ತವರಿನವರು ಮನೆಗೆ ಬಂದದ್ದು ಅದೇ ವಿಷಯ ಮಾತಾಡ್ಲಿಕ್ಕೆ. ಅವರ ಎದುರೇ ನೀನು ಹಾಗೆ ಮಾಡಿದ್ದು.”

ಸಾತ್ವಿಕಾ ಅಣ್ಣನ ಮಗಳು, ಉಜ್ವಲ್‌ನ ಅಕ್ಕ. ಅವಳ ಜಡೆ ಹೆಣೆದು ಶಾಲೆಗೆ ಕಳಿಸುತ್ತಿದ್ದದ್ದು ಇವಳೇ.

“ಸಾತ್ವಿಕಾಳಿಗೆ ಮದುವೆ ಆಯಿತಾ?”

“ಆಗಿ ಐದು ವರ್ಷ ಆಯಿತು. ಒಂದು ಮಗು ಉಂಟು.”

ಅಲ್ಲಿಂದೀಚೆಗೆ ಐದು ಸಲ ಪಾಯಸ ಬಂದಿತ್ತು, ಈ ಸುದ್ದಿ ಬಂದಿರಲಿಲ್ಲ. ಮಗು ಗಂಡೋ ಹೆಣ್ಣೋ ಎಂದು ಕೇಳಬೇಕೆಂದಿದ್ದಳು, ಬಾಯಿಗೆ ಬಂದದ್ದು ಬೇರೆ ಮಾತು.

“ಹಾಗಾದರೆ ಈಗ ನಾನು ಬರಬಹುದಲ್ಲ.”

ಶೇಖರ ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿದ. “ಈಗ ಉಜ್ವಲ್‌ಗೆ ಹುಡುಗಿ ನೋಡ್ತಾ ಇದ್ದೇವೆ. ಅವನದೊಂದು ಆಗಿ ಹೋಗಲಿ. ನಿನಗೂ ಇಲ್ಲಿ ತೋಟ ಉಂಟು, ಜನ ಉಂಟು, ಎಲ್ಲರೂ ಮರ್ಯಾದೆ ಕೊಡ್ತಾರೆ. ನಮ್ಮಲ್ಲಿ ಈಗ ಒಂದು ಬಸಳೆ ಊರ್ಲಿಕ್ಕೂ ಮಣ್ಣಿಲ್ಲ. ಅವನ ಮದುವೆ ಆದ ಮೇಲೆ ನೋಡುವ.”

ಈ ಕಡೆ ‘ನೋಡುವ’ ಎಂದರೆ ಮಾತು ಮುಗಿಯಿತೆಂದೇ ಅರ್ಥ. ಇಲ್ಲ ಎನ್ನಲು ಮನಸ್ಸು ಬಾರದವರು ಹಾಗೆ ಹೇಳುತ್ತಾರೆ, ಕೇಳಿದವರೂ ಮರ್ಯಾದೆಗೆ ಆಯಿತು ಎನ್ನುತ್ತಾರೆ. ಪ್ರಫುಲ್ಲಾ ಆಯಿತು ಎಂದಳು.

ಅವನು ಸುಳ್ಳು ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ತಪ್ಪು ಮಾಡಿದವಳಿಗೆ ತಿದ್ದಿಕೊಳ್ಳುವ ಒಂದು ದಾರಿ ಇರುತ್ತದೆ, ಇಂದಲ್ಲ ನಾಳೆ ಕ್ಷಮಿಸುತ್ತಾರೆಂಬ ಆಸೆ ಇರುತ್ತದೆ. ಅಷ್ಟು ವರ್ಷ ಅವಳು ಬದುಕಿದ್ದು ಆ ಆಸೆಯಿಂದ. ಈಗ ನೋಡಿದರೆ ತಪ್ಪೇ ಇರಲಿಲ್ಲ. ಅವಳು ಇರುವುದೇ ತೊಂದರೆ, ಮತ್ತು ಇರುವುದಕ್ಕೆ ಪ್ರಾಯಶ್ಚಿತ್ತ ಇಲ್ಲ. ಎಂಟು ವರ್ಷದಲ್ಲಿ ಎಷ್ಟೋ ಸಲ ಒಂಟಿ ಎಂದು ಅನಿಸಿದ್ದುಂಟು, ಹೀಗೆ ಅನಿಸಿರಲಿಲ್ಲ.

ಹೊರಡುವಾಗ ಅವಳು ಎರಡು ಸೌತೆಕಾಯಿ, ಒಂದು ಕಟ್ಟು ಅಲಸಂಡೆ ಅಡುಗೆಮನೆಯಿಂದ ತಂದು ಕಾರಿನ ಡಿಕ್ಕಿಯಲ್ಲಿಟ್ಟಳು. ಅತ್ತಿಗೆಗೆ ಕೊಡು ಎಂದಳು. ಶೇಖರ ಅವಳ ತಲೆ ಮುಟ್ಟಲು ಕೈ ಎತ್ತಿ, ಭುಜ ಮುಟ್ಟಿ, ಕಾರು ಹತ್ತಿದ. ಗೇಟು ದಾಟುವಾಗ ಹಾರ್ನ್ ಹಾಕಿದ. ಸಹಿ ಇಲ್ಲದ ಫಾರ್ಮನ್ನು ಟೀಚರು ಡ್ರಾಯರಿಗೆ ಸೇರಿಸಿದರು.

ಸಂಜೆ ಟೀಚರು ತಾವಾಗಿಯೇ ತೋಟಕ್ಕೆ ಬಂದರು. ಪ್ರಫುಲ್ಲಾ ಬದನೆ ಸಾಲಿಗೆ ನೀರು ಹಾಕುತ್ತಿದ್ದಳು.

“ನನ್ನದೇ ತಪ್ಪು ಪ್ರಫುಲ್ಲಾ. ಆ ಸಸಿ ತರಿಸಬಾರದಿತ್ತು.”

“ಸಸಿಯಿಂದ ಆದದ್ದಲ್ಲ ಟೀಚರ್.”

ಅವಳು ನಡೆದದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿದಳು. ಟೀಚರಿಗೆ ಕಣ್ಣು ತುಂಬಿ ಬಂತು. ಸಮಾಧಾನ ಹೇಳಲು ಹೋಗಿ, “ಹಾಗಾದರೆ ಇನ್ನು ಈ ಕೆಡ್ಡಸದ ಕಟ್ಟು ನಿಮಗೆ ಯಾಕೆ? ಮನೆಯವರೇ ಬಿಟ್ಟಿದ್ದಾರೆ. ಬೇಕಾದರೆ ಈಗಲೇ ಗುಂಡಿ ತೆಗೆಸುವ,” ಎಂದರು.

ಪ್ರಫುಲ್ಲಾ ಕೊಡಪಾನ ಕೆಳಗಿಟ್ಟಳು. “ಬೇಡ ಟೀಚರ್,” ಎಂದಳು. “ಇಷ್ಟು ದಿನ ಅವರಿಗೋಸ್ಕರ ಮಾಡಿದ್ದು ಅಂತ ನಾನೂ ತಿಳಿದಿದ್ದೆ. ಭೂಮಿಗೆ ಮೂರು ದಿವಸ ಸುಸ್ತು ಇರುವುದು ಸುಳ್ಳಲ್ಲವಲ್ಲ.”

ಕತ್ತಲಾಗುವ ಮೊದಲು ಅವಳು ಅಡುಗೆಮನೆಯ ಬಾಗಿಲಿಗೆ ಹೋದಳು. ಕೆಡ್ಡಸ ಮುಗಿದ ಮಾರನೆಯ ಬೆಳಿಗ್ಗೆ ಹೆಂಗಸರು ಸೆಗಣಿ ಸಾರಿಸಿ, ನೆಲಕ್ಕೆ ಎಣ್ಣೆ ಬಿಟ್ಟು ಭೂಮಿಯನ್ನು ಮೀಯಿಸುವ ಕ್ರಮ ಉಂಟು. ಅದಕ್ಕೆ ವರ್ಷವೂ ಅವಳು ಮುರ್ಶಿದಾಳ ಹತ್ತಿರ ತೆಂಗಿನೆಣ್ಣೆ ಕೇಳುತ್ತಿದ್ದಳು. ಕೇಳುವಾಗ ವರ್ಷವೂ ಒಂದೇ ಮಾತು: ‘ಈ ಸಲ ಒಮ್ಮೆ ಕೊಡು ಮುರ್ಶಿದಾ, ಬರುವ ವರ್ಷ ನಾನು ಇಲ್ಲಿ ಇರುವುದಿಲ್ಲ.’ ಮುರ್ಶಿದಾ ಪ್ರತಿ ಸಲವೂ ‘ಹೌದು ಅಕ್ಕ, ಹೌದು’ ಎಂದು ಒಂದು ಕುಡ್ತೆ ಅಳೆದು ಕೊಡುತ್ತಿದ್ದಳು.

“ನಾಳೆಗೆ ಎಣ್ಣೆ ಬೇಕಿತ್ತು,” ಎಂದಳು ಪ್ರಫುಲ್ಲಾ.

ಮುರ್ಶಿದಾ ಕುಡ್ತೆ ಹಿಡಿದುಕೊಂಡು, ಮುಂದಿನ ಮಾತಿಗೆ ಕಾದಳು. ಅದು ಬರಲಿಲ್ಲ.

“ಬರುವ ವರ್ಷ ಎರಡು ಕುಡ್ತೆ ಬೇಕಾದೀತು,” ಎಂದು ಪ್ರಫುಲ್ಲಾ ಪಾತ್ರೆ ಮುಂದೆ ಹಿಡಿದಳು. “ಮಳೆ ಬಂದ ಮೇಲೆ ಆ ಬಾವಿಯ ಆಚೆ ಬದಿಯನ್ನೂ ಅಗೆಯುವ ಅಂತ ಉಂಟು.”

ಮುರ್ಶಿದಾ ಹೌದು ಅನ್ನಲಿಲ್ಲ. ಎಣ್ಣೆ ಅಳೆದು ಪಾತ್ರೆಗೆ ಹೊಯ್ದಳು.